ಕೇತುವಿನ ನೆಂಟರ ಊರಿನಲ್ಲಿ

ತಿ. ನರಸೀಪುರ

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ಕೋಶ ಓದುವುದನ್ನು ಉಪನಯನವಾದ ವರ್ಷದಿಂದಲೇ ನನಗೆ ಹಚ್ಚಿದರು. ದೇಶ ಸುತ್ತಿದ್ದು ಮಾತ್ರ ಅರವತ್ತೊಂದನೇ ವಯಸ್ಸಿಗೆ, ಅದೂ ಶಿಷ್ಯನೊಬ್ಬನ ಖರ್ಚಿನಲ್ಲಿ. ಎರಡೂ ಆದ ಮೇಲೆ ಮನುಷ್ಯ ಒಂದಿಷ್ಟು ತಿದ್ದಿಕೊಳ್ಳುತ್ತಾನೆಂದು ಗಾದೆ ಕಟ್ಟಿದವನು ನಂಬಿದ್ದಿರಬೇಕು. ಅವನು ನನ್ನನ್ನು ನೋಡಿರಲಿಲ್ಲ.

ನಾನು ತಿರುಮಕೂಡಲಿನ ಪುರೋಹಿತ. ಮದುವೆ, ಮುಂಜಿ, ಗೃಹಪ್ರವೇಶ, ತಿಥಿ ಮಾಡಿಸುತ್ತೇನೆ. ಬಂದವರ ಜಾತಕ ನೋಡಿ ಒಂದೆರಡು ಪರಿಹಾರ ಹೇಳುತ್ತೇನೆ. ಅಂಥ ಪರಿಹಾರವೊಂದು ನನ್ನ ಮನೆಗೇ ತಿರುಗಿ ಬಂದ ಕಥೆಯನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ನಾರ್ವೆ ದೇಶದಲ್ಲಿ ನಾಯಿಗಳ ಮುಂದೆ ನಾನು ತಲೆ ತಗ್ಗಿಸಿ ನಿಂತದ್ದು ಯಾಕೆಂದು ನಿಮಗೆ ತಿಳಿಯುವುದಿಲ್ಲ.

ನಂಜನಗೂಡಿನಲ್ಲಿ ಕಲ್ಯಾಣ ಮಂಟಪ ಇಟ್ಟಿರುವ ಪುಟ್ಟರಾಜು ಒಮ್ಮೆ ಜಾತಕ ಹಿಡಿದು ಬಂದ. ವ್ಯಾಪಾರ ಕೈಗೆ ಹತ್ತುತ್ತಿಲ್ಲವೆಂದ. ಕೇತು ಸರಿಯಿಲ್ಲ, ಮನೆಯಲ್ಲಿ ಒಂದು ನಾಯಿ ಸಾಕು ಎಂದೆ. ಬೀದಿಯ ಮರಿಯೊಂದನ್ನು ತಂದು ದಿನಾ ಒಂದು ಮುದ್ದೆ ಹಾಕುತ್ತಾನೆಂದು ನನ್ನ ಲೆಕ್ಕಾಚಾರ. ಅವನು ಬೆಂಗಳೂರಿಗೆ ಹೋಗಿ ಸೈಬೀರಿಯನ್ ಹಸ್ಕಿ ತಂದ. ಹಿಮದ ಮೇಲೆ ಜಾರುಬಂಡಿ ಎಳೆಯುವ ಜಾತಿ. ನೀಲಿ ಕಣ್ಣು, ಮೈ ತುಂಬ ಎರಡು ಪದರದ ತುಪ್ಪಳ. ಒಂದು ವರ್ಷ ಅದು ಅವನ ಮನೆಯ ಅಂಗಳ ತೋಡಿತು, ಕಾಂಪೌಂಡು ಹಾರಿ ಹೆಡತಲೆ ಗ್ರಾಮದವರೆಗೆ ಓಡಿತು, ಬಂದ ಕಳ್ಳನಿಗೂ ಬಾಲ ಅಲ್ಲಾಡಿಸಿತು. ಆಮೇಲೆ ಒಂದು ದಿನ ಅದನ್ನು ಕಾರಿನಲ್ಲಿ ಹಾಕಿಕೊಂಡು ನೇರ ನಮ್ಮ ಜಗಲಿಗೆ ತಂದ.

"ಸೋಮಿ, ನೀವೇ ಯೋಳಿದ್ದು, ನಾಯಿ ಸಾಕು ಅಂತವ. ಸಾಕ್ದೆ. ಕೇತು ಸರಿಯೋದ್ನೋ ಇಲ್ವೋ, ನನ್ ಸೋಫಾ ಓಯ್ತು. ಗಟ್ಟಿಮ್ಯಾಳದ ವೊತ್ನಲ್ಲಿ ಇದು ವಾಲಗದ ಜೊತೆ ಊಳಿಡ್ತಾ ಕೂತ್ರೆ ಎಣ್ಣಿನ ಕಡೆಯೋರು ಎದ್ದೋಯ್ತಾರೆ. ದಾನ ಅಂತ ನೀವೇ ಮಡಿಕಳಿ."

ನನಗೆ ಸಿಗುವ ಮದುವೆಗಳಲ್ಲಿ ಅರ್ಧ ಅವನ ಮಂಟಪದವು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡುವ ಧೈರ್ಯ ನನಗೆಲ್ಲಿಂದ ಬರಬೇಕು? ಕೈಯೊಡ್ಡಿ ಹಗ್ಗ ಇಸಿದುಕೊಂಡೆ.

ರಾಕಿ ಎಂದಿದ್ದ ಹೆಸರನ್ನು ಕೇತು ಎಂದು ಬದಲಾಯಿಸಿ, ಹಿತ್ತಲ ಬಾವಿಯ ಕಲ್ಲುಕಂಬಕ್ಕೆ ಸರಪಳಿ ಹಾಕಿದೆ. ನನ್ನ ಹೆಂಡತಿ ಜಾನಕಿ ಮೊದಲ ದಿನವೇ ಕಾನೂನು ಮಾಡಿದಳು. ಹಿತ್ತಲಿನಲ್ಲಿ ಮಡಿಬಟ್ಟೆ ಒಣಗುತ್ತದೆ, ಅಡಿಗೆಗೆ ನೀರು ಅಲ್ಲಿಂದಲೇ ಬರುತ್ತದೆ, ಹಾಗಾಗಿ ನಾಯಿಗೂ ದಿನಾ ಸ್ನಾನವಾಗಬೇಕು. ಬೆಳಿಗ್ಗೆ ಅದಕ್ಕೆ ಎರಡು ಬಿಂದಿಗೆ ತಣ್ಣೀರು ಸುರಿದು, ಆಮೇಲೆ ನನ್ನ ಸ್ನಾನ. ಊಟ ನಮ್ಮದೇ: ಮಧ್ಯಾಹ್ನ ಹಾಲು ಅನ್ನ, ರಾತ್ರಿ ಮೊಸರನ್ನ. ಅದು ಚಪ್ಪರಿಸಿಕೊಂಡು ತಿನ್ನುವುದನ್ನು ಕಂಡು ನನಗೆ ಹೆಮ್ಮೆ. ಸಹವಾಸದಿಂದ ನಾಯಿಗೂ ಸಂಸ್ಕಾರ ಬಂತು ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಎರಡನೇ ವರ್ಷ ಅದರ ಕಣ್ಣಿನ ಸುತ್ತ, ಮೂತಿಯ ಮೇಲೆ ಹಕ್ಕಳೆ ಕಟ್ಟಿತು. ಆಮೇಲೆ ಮೊಣಕಾಲು, ಆಮೇಲೆ ಪಾದ. ಕೂದಲು ಕಂತೆ ಕಂತೆಯಾಗಿ ಕೈಗೆ ಬರತೊಡಗಿತು. ಅಡಿಯ ಚರ್ಮ ಕೆಂಪಗೆ ಒಸರುತ್ತಿತ್ತು. ದನದ ಆಸ್ಪತ್ರೆಯ ಡಾಕ್ಟರು ಮುಲಾಮು ಕೊಟ್ಟು, ಊಟಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ಸಾತ್ವಿಕ ಆಹಾರ ಎಂದೆ. ಅವರು ನನ್ನ ಹಣೆಯ ಗಂಧ ನೋಡಿ, ಹೇಳಬೇಕೆಂದಿದ್ದನ್ನು ಬಿಟ್ಟು ಮುಲಾಮು ಹಚ್ಚುವ ಕ್ರಮ ಹೇಳಿದರು. ಊರವರೆಲ್ಲ ಬಿಸಿಲು ಎಂದರು. ನಾನೂ ಬಿಸಿಲು ಎಂದೆ. ನಮ್ಮೂರ ಬಿಸಿಲಿಗೆ ಬಾಯಿಲ್ಲ. ಏನು ಹೊರಿಸಿದರೂ ಹೊತ್ತುಕೊಳ್ಳುತ್ತದೆ.

ಹಿತ್ತಲು, ಕೊಟ್ಟಿಗೆ ಗುಡಿಸಲು ಬರುವ ಮಾದೇವಮ್ಮ ಮಾತ್ರ ಒಪ್ಪಲಿಲ್ಲ. "ಬಿಸಿಲೂ ಅಲ್ಲ ಯಾನೂ ಅಲ್ಲ ಸೋಮಿ, ಇದ್ಕೆ ಬಾಡು ಬೇಕು. ನಮ್ ಬೀದಿ ಕಂತ್ರಿ ನಾಯ್ಗಳು ಮೂಳೆ ಕಡ್ಕಂಡು ಯಂಗೆ ಮಿಂಚ್ತವೆ ನೋಡಿ. ನಾನೇ ವಸಿ ತಂದಾಕ್ತೀನಿ, ಬೇಕಾರೆ."

"ನಿಮ್ಮ ಬೀದಿಯದನ್ನೆಲ್ಲ ಇಲ್ಲಿಗೆ ತರಬೇಡ" ಎಂದೆ.

ಅವಳು ಪೊರಕೆ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ಏನು ಮಾತಾಡಿದೆ ಎಂಬುದು ಆಗ ನನ್ನ ಗಮನಕ್ಕೂ ಬರಲಿಲ್ಲ.

ಅದೇ ಮಾಘದಲ್ಲಿ ನಾರ್ವೆಯಿಂದ ಫೋನು ಬಂತು. ನಂಜನಗೂಡಿನ ಶ್ರೀಕಂಠ, ನಾನೇ ಮುಂಜಿ ಮಾಡಿಸಿದವನು, ಅಲ್ಲಿನ ಟ್ರೋಮ್ಸೋ ಎಂಬ ಊರಿನ ಕಾಲೇಜಿನಲ್ಲಿ ಮೀನುಗಳ ವಿಷಯ ಪಾಠ ಹೇಳುತ್ತಾನೆ. ಮನೆ ಕೊಂಡಿದ್ದಾನಂತೆ, ಗೃಹಪ್ರವೇಶಕ್ಕೆ ಊರಿನ ಪುರೋಹಿತರೇ ಬೇಕಂತೆ. ಮೀನಿನ ಮೇಷ್ಟರ ಮನೆಗೆ ಪುಣ್ಯಾಹ ಮಾಡಿಸಲು ನಾನು ಹೊರಟೆ. ಹೊರಡುವ ದಿನ ಹಿತ್ತಲಿಗೆ ಹೋದರೆ ಕೇತು ಎದ್ದು ನಿಲ್ಲಲಿಲ್ಲ. ಬಾಲ ಮಾತ್ರ ಒಮ್ಮೆ ನೆಲಕ್ಕೆ ಬಡಿಯಿತು.

ಓಸ್ಲೋ

ಪಂಚೆಯ ಒಳಗೆ ಉಣ್ಣೆಯ ಚಲ್ಲಣ, ಮೇಲೆ ಅಳಿಯನ ಜರ್ಕಿನ್ನು, ಹಣೆಯಲ್ಲಿ ಗಂಧ. ಓಸ್ಲೋ ವಿಮಾನ ನಿಲ್ದಾಣದಲ್ಲಿ ಸುಂಕದವರು ನನ್ನನ್ನು ಬಿಟ್ಟು ಇನ್ಯಾರನ್ನು ಹಿಡಿದಾರು? ಪೆಟ್ಟಿಗೆ ತೆಗೆಸಿದರು. ದರ್ಭೆಯ ಕಟ್ಟು, ಸಮಿತ್ತು, ಪಂಚಪಾತ್ರೆ, ಎರಡು ಸೇರು ಹಸುವಿನ ತುಪ್ಪ. ಎತ್ತರದ ಹೆಂಗಸೊಬ್ಬಳು ದರ್ಭೆಯನ್ನು ಮೂಸಿ ನೋಡಿ, ಇದನ್ನು ಸೇದುತ್ತೀರಾ ಎಂದು ಕೇಳಿದಳು. ಇಲ್ಲ, ಬೆರಳಿಗೆ ಸುತ್ತಿಕೊಳ್ಳುತ್ತೇವೆ ಎಂದೆ. ಅದು ಅವಳ ಅನುಮಾನವನ್ನು ಜಾಸ್ತಿಯೇ ಮಾಡಿತು.

ಆಗ ನಾಯಿ ಬಂತು. ಮೈಮೇಲೆ ಸರ್ಕಾರಿ ಪಟ್ಟಿ ಕಟ್ಟಿಕೊಂಡಿದ್ದ ಕರಿ ನಾಯಿ. ನನ್ನ ಶಾಲನ್ನು ಮೂಸಿದ್ದೇ ತಡ, ಬಾಲ ಅಲ್ಲಾಡಿಸುತ್ತ ಅಲ್ಲೇ ಕೂತುಬಿಟ್ಟಿತು. ಎಲ್ಲಿ ಮುಟ್ಟಿಬಿಡುತ್ತದೋ ಎಂದು ನಾನು ಪಂಚೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಕಳ್ಳನ ಲಕ್ಷಣಕ್ಕೆ ಇನ್ನೇನು ಬೇಕು? ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಶಾಲು, ಜರ್ಕಿನ್ನು ಎಲ್ಲ ಜಾಲಾಡಿದರು. ಸಿಕ್ಕಿದ್ದು ಬಿಳಿಯ ಕೂದಲಿನ ನಾಲ್ಕು ಎಳೆ.

"ಮನೆಯಲ್ಲಿ ನಾಯಿ ಸಾಕಿದ್ದೀರಾ?" ಎಂದು ಆಕೆ ನಗುತ್ತಲೇ ಕೇಳಿದಳು.

"ಇಲ್ಲ" ಎಂದೆ.

ಯಾಕೆ ಹಾಗೆಂದೆನೋ. ಊರಿನಲ್ಲಿ ತಿಥಿಗೆ ಕರೆಯುವ ದೊಡ್ಡ ಮನೆಗಳವರು ಕೇಳಿದಾಗ, ನಮ್ಮದಲ್ಲ, ಯಾರೋ ಕಟ್ಟಿ ಹೋಗಿದ್ದಾರೆ ಎಂದು ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಆಕೆ ಕೂದಲನ್ನು ಬೆಳಕಿಗೆ ಹಿಡಿದು ನೋಡಿ ಬುಟ್ಟಿಗೆ ಹಾಕಿದಳು. ತುಪ್ಪವನ್ನು ಮಾತ್ರ ಇಟ್ಟುಕೊಂಡರು. ಹೊರದೇಶದ ಹಾಲಿನ ಪದಾರ್ಥ ಒಳಗೆ ಬರಕೂಡದಂತೆ.

ಟ್ರೋಮ್ಸೋ

ಅಲ್ಲಿ ಹಿಮ ಸೊಂಟದವರೆಗೆ ಬಿದ್ದಿತ್ತು. ಸೂರ್ಯ ನಮ್ಮಲ್ಲಿಯ ಹಾಗೆ ತಲೆಯ ಮೇಲೆ ಬರುವ ಪೈಕಿಯಲ್ಲ; ಬೆಟ್ಟದ ಅಂಚು ಹಿಡಿದುಕೊಂಡು, ಸಾಲಗಾರ ಬೀದಿ ದಾಟುವ ಹಾಗೆ ಸರಿದುಹೋಗುತ್ತಾನೆ. ಅರ್ಘ್ಯ ಬಿಟ್ಟರೆ ಉದ್ಧರಣೆಯ ಚಮಚಕ್ಕೇ ನೀರು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತಿತ್ತು.

ಹೋಮ ಮನೆಯೊಳಗೆ ಆಗದು, ಹೊಗೆಗೆ ಗಂಟೆ ಹೊಡೆಯುತ್ತದೆ ಎಂದು ಶ್ರೀಕಂಠನ ಹೆಂಡತಿ ಚಂದ್ರಿಕಾ ಅಂಗಳದಲ್ಲಿ ಇಟ್ಟಿಗೆ ಜೋಡಿಸಿಕೊಟ್ಟಳು. ಅಂಗಳವೆಂದರೆ ಹಿಮ. ನಾನು ನರಸೀಪುರದವನು, ಬೆಂಕಿ ಇಟ್ಟರೆ ಅಡಿಯ ನೆಲವೇ ಕರಗುತ್ತದೆಂಬುದು ನನ್ನ ತಲೆಗೆ ಹೊಳೆಯಬೇಕಲ್ಲ! ನವಗ್ರಹ ಮುಗಿಯುವ ಹೊತ್ತಿಗೆ ಕುಂಡ ಒಂದು ಮೊಳ ಇಳಿಯಿತು. ಪೂರ್ಣಾಹುತಿಗೆ ಶ್ರೀಕಂಠ ಬಾವಿಗೆ ಬಗ್ಗುವ ಹಾಗೆ ಬಗ್ಗಿ ಅಂಗಡಿಯ ಬೆಣ್ಣೆ ಕಾಯಿಸಿದ ತುಪ್ಪ ಹಾಕಿದ. ಪಕ್ಕದ ಮನೆಗಳವರು ಬೇಲಿಯಾಚೆ ಸಾಲಾಗಿ ನಿಂತು ಗಂಭೀರವಾಗಿ ನೋಡಿದರು. ಕೊನೆಯಲ್ಲಿ ಒಬ್ಬ ಮುದುಕ ಬಂದು, ಅಡಿಗೆ ಹಲಗೆ ಹಾಸಬೇಕಿತ್ತು ಎಂದು ಬುದ್ಧಿ ಹೇಳಿ ಹೋದ.

ವಿಚಿತ್ರ ಜನ. ಕೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಆ ಚಳಿಯಲ್ಲಿ ಅಂಗಡಿಯ ಹೊರಗೆ ಬಿಟ್ಟು ಒಳಗೆ ಕಾಫಿ ಕುಡಿಯುತ್ತಾರೆ. ನಮ್ಮಲ್ಲಿ ಶ್ರಾವಣದ ಗಾಳಿಗೇ ಮಗುವಿನ ಕಿವಿಗೆ ಬಟ್ಟೆ ಸುತ್ತುತ್ತೇವೆ. ಬಸ್ಸಿನಲ್ಲಿ ಯಾರೂ ಯಾರ ಪಕ್ಕವೂ ಕೂರುವುದಿಲ್ಲ. ಎಲ್ಲಿಗೆ, ಯಾವೂರು, ಯಾವ ಪೈಕಿ ಎಂದು ಕೇಳುವುದಿಲ್ಲ. ಮೊದಲ ಎರಡು ದಿನ ಅವಮಾನವೆನಿಸಿತು. ಮೂರನೇ ದಿನದಿಂದ ಹಗುರವೆನಿಸತೊಡಗಿತು. ಹುಟ್ಟಿದಾಗಿನಿಂದ ನನ್ನನ್ನು ಯಾರಾದರೂ ನೋಡುತ್ತಲೇ ಇದ್ದರು. ಅಲ್ಲಿ ಯಾರೂ ನೋಡಲಿಲ್ಲ. ಮಡಿ ಎಂದರೆ ಅರ್ಧ ಪಾಲು ನೋಡುವವರ ಕಣ್ಣು ಎಂದು ತಿಳಿಯಲು ನಾನು ಅಷ್ಟು ದೂರ ಹೋಗಬೇಕಾಯಿತು.

ನಾಯಿಗಳ ಕೇರಿ

ಗೃಹಪ್ರವೇಶ ಮುಗಿದ ಮೇಲೆ ಶ್ರೀಕಂಠ, "ಶಾಸ್ತ್ರಿಗಳೇ, ಜಾರುಬಂಡಿ ಹತ್ತದೆ ಹೋದರೆ ಇಲ್ಲಿಗೆ ಬಂದದ್ದೇ ಸುಳ್ಳು" ಎಂದು ಊರಾಚೆಯ ಕಣಿವೆಗೆ ಕರೆದುಕೊಂಡು ಹೋದ. ಇಂಗ್ರಿಡ್ ಎಂಬ ಎಪ್ಪತ್ತು ದಾಟಿದ ಅಜ್ಜಿಯ ಜಾಗ ಅದು. ನಲವತ್ತು ಹಸ್ಕಿಗಳು, ಒಂದೊಂದಕ್ಕೂ ಒಂದೊಂದು ಮರದ ಗೂಡು. ಗೂಡಿದ್ದರೂ ಹೆಚ್ಚಿನವು ಹಿಮದಲ್ಲೇ ಗುಳಿ ಮಾಡಿ, ಮೂಗಿನ ಮೇಲೆ ಬಾಲ ಮುಚ್ಚಿಕೊಂಡು ಮಲಗಿದ್ದವು. ಎಲ್ಲ ಕೇತುಗಳೇ. ಅದೇ ನೀಲಿ ಕಣ್ಣು, ಅದೇ ಹಣೆಯ ಕರಿ ನಾಮ. ಆದರೆ ಮೈ ಮಿಂಚುತ್ತಿತ್ತು. ಕೇತುವಿನ ಮುಖ ಮೊದಲು ಹೇಗಿತ್ತೆಂಬುದು ನನಗೆ ಮರೆತೇ ಹೋಗಿತ್ತೆಂದು ಅಲ್ಲಿ ಗೊತ್ತಾಯಿತು.

ಅಜ್ಜಿ ನಾಯಿಗಳನ್ನು ಬಂಡಿಗೆ ಕಟ್ಟುವ ಪಟ್ಟಿಗಳನ್ನು ಕೈಗೆ ತೆಗೆದುಕೊಂಡದ್ದೇ ನಲವತ್ತೂ ಎದ್ದವು. ಊಳು, ಕುಣಿತ, ಗೂಡಿನ ಮಾಡಿನ ಮೇಲೆ ಹಾರುವುದು. ನನ್ನನ್ನು ಕರೆ, ನನ್ನನ್ನು ಕರೆ ಎಂಬ ಗಲಾಟೆ. ನಮ್ಮ ಊರಿನಲ್ಲಿ ನೇಗಿಲು ಕಂಡು ಕುಣಿದ ಎತ್ತನ್ನು ನಾನು ನೋಡಿಲ್ಲ. ಎಂಟನ್ನು ಆರಿಸಿ ಕಟ್ಟಿದಳು, ಪಾದಗಳಿಗೆ ಬಟ್ಟೆಯ ಚೀಲ ತೊಡಿಸಿದಳು. ಬಂಡಿಯಲ್ಲಿ ಹಾಸಿದ್ದ ಹಿಮಸಾರಂಗದ ಚರ್ಮವನ್ನು ಕೃಷ್ಣಾಜಿನ ಎಂದುಕೊಂಡು ಕೂತೆ. ಹಿಮಕ್ಕೆ ನೆಟ್ಟಿದ್ದ ಕೊಕ್ಕೆ ಕಿತ್ತಳು. ಒಂದೇ ಕ್ಷಣದಲ್ಲಿ ಗದ್ದಲವೆಲ್ಲ ನಿಂತುಹೋಯಿತು.

ಆ ಮೌನವನ್ನು ನಾನು ಮರೆಯಲಾರೆ. ಎಂಟು ನಾಯಿಗಳ ಉಸಿರು, ಅಡಿಯಲ್ಲಿ ಮರ ಉಜ್ಜುವ ಸದ್ದು, ಬೇರೇನೂ ಇಲ್ಲ. ಓಡುವಾಗ ಅವು ಬೊಗಳುವುದಿಲ್ಲ, ಬೇಕಾದದ್ದು ಸಿಕ್ಕಿದೆ. ಪುಟ್ಟರಾಜುವಿನ ಮಂಟಪದಲ್ಲಿ, ನನ್ನ ಹಿತ್ತಲಲ್ಲಿ ಕೇತು ಊಳಿಟ್ಟದ್ದೆಲ್ಲ ಇದಕ್ಕಾಗಿ. ಅಪಶಕುನ ಎಂದು ನಾನು ಅದರ ಬೆನ್ನಿಗೆ ಎರಡು ಬಾರಿ ಕೋಲಿನಿಂದ ಹೊಡೆದದ್ದುಂಟು.

"ಇವನ್ನು ಓಡಿಸುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ" ಎಂದಳು ಇಂಗ್ರಿಡ್. ಶ್ರೀಕಂಠ ಕನ್ನಡಕ್ಕೆ ತಿರುಗಿಸುತ್ತಿದ್ದ. "ಎಷ್ಟೇ ಒಳ್ಳೆಯ ನಾಯಿಯಾದರೂ ಕೈಬಿಟ್ಟರೆ ಹೋಗುತ್ತದೆ. ಮೋಸವಲ್ಲ, ಸ್ವಭಾವ. ಮನುಷ್ಯರನ್ನು ಕಂಡರೆ ಪ್ರೀತಿ, ಒಬ್ಬಂಟಿಯಾಗಿ ಕಟ್ಟಿದರೆ ಹುಚ್ಚು ಹಿಡಿಯುತ್ತದೆ."

ವಾಪಸು ಬಂದ ಮೇಲೆ ಕಬ್ಬಿಣದ ಹಂಡೆಯಲ್ಲಿ ಅವುಗಳ ಊಟ ಬೇಯುತ್ತಿತ್ತು. ಮೀನು, ಕೊಬ್ಬು, ಯಾವುದೋ ಮಾಂಸ. ವಾಸನೆ ತಾಳದೆ ಎರಡು ಹೆಜ್ಜೆ ಆಚೆಗೆ ಸರಿದು ನಿಂತೆ. ಅಜ್ಜಿ ಯಾವ ಪೀಠಿಕೆಯೂ ಇಲ್ಲದೆ ಉದ್ದ ಹಿಡಿಯ ಸವುಟನ್ನು ನನ್ನ ಕೈಗೆ ಕೊಟ್ಟು, ಕೊನೆಯ ಸಾಲು ನಿಮ್ಮದು ಎಂದಳು. ಅಲ್ಲಿ ಕೂಲಿಯವರಿಲ್ಲ, ಬಂದವರು ಕೆಲಸ ಮಾಡಬೇಕು. ಶ್ರೀಕಂಠ ಗಾಬರಿಯಾಗಿ, "ಅವರು ಪುರೋಹಿತರು, ಮುಟ್ಟೋದಿಲ್ಲ" ಎಂದೇನೋ ಹೇಳಹೋದ. ನಾನು ಸವುಟು ತೆಗೆದುಕೊಂಡೆ. ಹತ್ತು ಬಟ್ಟಲು ತುಂಬಿಸಿದೆ. ಹತ್ತು ನಾಯಿಗಳು ನನ್ನ ಕೈಯಿಂದ ತಿಂದವು. ಒಂದು ಮುದಿ ಹೆಣ್ಣು ನಾಯಿ ತಿಂದು ಮುಗಿಸಿ ನನ್ನ ಮಣಿಕಟ್ಟನ್ನು ನೆಕ್ಕಿತು. ಸುಳ್ಳೇಕೆ ಹೇಳಲಿ, ನನಗೆ ಸಂತೋಷವಾಯಿತು. ಅಷ್ಟು ದೊಡ್ಡ ಸಂತೋಷ ಯಾವ ಪೂರ್ಣಾಹುತಿಯಲ್ಲೂ ಆಗಿರಲಿಲ್ಲ.

ಆ ಉತ್ಸಾಹದಲ್ಲೇ ಫೋನು ತೆಗೆದು ಕೇತುವಿನ ಪಟ ತೋರಿಸಿದೆ. "ನಮ್ಮ ಮನೆಯಲ್ಲೂ ಒಂದಿದೆ" ಎಂದೆ.

ಇಂಗ್ರಿಡ್ ಕನ್ನಡಕ ಹಾಕಿಕೊಂಡಳು. ನಗುತ್ತಿದ್ದವಳು ನಗುವುದನ್ನು ನಿಲ್ಲಿಸಿದಳು. ಏನು ತಿನ್ನುತ್ತದೆ ಎಂದಳು. ಹೇಳಿದೆ. ಎಷ್ಟು ದಿನಕ್ಕೊಮ್ಮೆ ಸ್ನಾನ ಎಂದಳು. ದಿನಾ ಎಂದೆ. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಶ್ರೀಕಂಠ ಮತ್ತೊಮ್ಮೆ ಹೇಳಿದ. ಅವಳಿಗೆ ಕೇಳಿಸಿತ್ತು.

"ನಮ್ಮಲ್ಲಿ ಬಿಸಿಲು ಜಾಸ್ತಿ, ಅದಕ್ಕೇ..." ಎಂದೆ.

"ಇದು ಬಿಸಿಲಲ್ಲ." ಬೆರಳಿನಿಂದ ಪಟದಲ್ಲಿ ಕಣ್ಣು, ಮೂತಿ, ಪಾದ ತೋರಿಸಿದಳು. ಈ ಉತ್ತರದ ನಾಯಿಗಳ ಕರುಳಿಗೆ ಆಹಾರದಲ್ಲಿರುವ ಸತುವನ್ನು, ಅಂದರೆ ಜಿಂಕನ್ನು, ಹೀರಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಕಡಿಮೆಯಂತೆ. ಮೀನು ಮಾಂಸದಿಂದ ಹೇಗೋ ತೂಗಿಸಿಕೊಳ್ಳುತ್ತವೆ. ಬರೀ ಅನ್ನ, ಹಾಲು, ಮೊಸರು ಹಾಕಿದರೆ ಇದ್ದ ಚೂರೂ ಮೈಗೆ ಹತ್ತುವುದಿಲ್ಲ. ಚರ್ಮ ಬಿರಿಯುತ್ತದೆ, ನಂಜೇರುತ್ತದೆ. ಮೇಲಿಂದ ದಿನಾ ನೀರು ಸುರಿದರೆ ಒಳಪದರದ ತುಪ್ಪಳ ಒಣಗುವುದೇ ಇಲ್ಲ; ಒದ್ದೆ ಕಂಬಳಿ ಹೊದ್ದು ವರ್ಷಗಟ್ಟಲೆ ಕೂತ ಹಾಗೆ. ಆ ಎರಡು ಪದರ ಚಳಿಗೆ ಮಾತ್ರವಲ್ಲ, ಬಿಸಿಲಿಗೂ ಅದೇ ಕಾಪು. ಅದನ್ನು ಬಾಚಬೇಕು, ತೊಳೆಯಬಾರದು.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಶ್ರೀಕಂಠ ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ.

"ಏನಂದರಪ್ಪ?"

"ಏನಿಲ್ಲ ಬಿಡಿ ಶಾಸ್ತ್ರಿಗಳೇ."

"ಹೇಳು."

"ತೊಳೀತಿರೋದು ನಾಯಿಗೋಸ್ಕರವಾ, ನಿಮಗೋಸ್ಕರವಾ ಅಂತ ಕೇಳ್ತಿದಾರೆ."

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಹತ್ತು ಜನ್ಮದ ವೇದಾಂತ ನನಗೆ ಕೇಳದ ಪ್ರಶ್ನೆ. ಬದುಕುತ್ತದೆಯೇ ಎಂದು ಕೇಳಿದೆ. ವಯಸ್ಸು ಚಿಕ್ಕದು, ಊಟ ಬದಲಾಯಿಸಿದರೆ ಆರು ವಾರದಲ್ಲಿ ಹಕ್ಕಳೆ ಉದುರುತ್ತದೆ ಎಂದಳು. ತಡ ಮಾಡಬೇಡಿ, ನಂಜು ರಕ್ತಕ್ಕೆ ಇಳಿದರೆ ಮಾತ್ರೆಯಿಂದ ಏನೂ ಆಗುವುದಿಲ್ಲ. ಸತುವಿನ ಮಾತ್ರೆಯ ಡಬ್ಬಿಯನ್ನೂ ಒಣಮೀನಿನ ಒಂದು ಕಟ್ಟನ್ನೂ ಕೊಟ್ಟಳು. ಮಾತ್ರೆಯನ್ನು ಮೊಸರನ್ನದಲ್ಲಿ ಕಲಸಿ ಕೊಟ್ಟರೆ ನೀರಿಗೆ ಹಾಕಿದ ಹಾಗೆ ಎಂದು ಎರಡು ಸಲ ಹೇಳಿಸಿದಳು.

ಅವತ್ತು ಸಂಜೆಯೇ ಜಾನಕಿಗೆ ಫೋನು ಮಾಡಿ, ಸ್ನಾನ ನಿಲ್ಲಿಸು ಎಂದೆ. "ಹಾಗಾದ್ರೆ ಹಿತ್ತಲಲ್ಲಿ ನಾನು ಹೇಗ್ರೀ ಓಡಾಡ್ಲಿ? ನೀವು ಬಂದು ಏನು ಬೇಕಾದ್ರೂ ಮಾಡ್ಕೊಳ್ಳಿ" ಎಂದಳು. ಮೀನಿನ ಮಾತನ್ನು ನಾನು ಎತ್ತಲಿಲ್ಲ. ಎದುರಿಗೇ ಹೇಳೋಣ ಎಂದುಕೊಂಡೆ.

ಮೈಸೂರಿನಿಂದ ಬಸ್ಸು

ಒಣಮೀನನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದೆ. ಸಾಲಿಗ್ರಾಮದ ಸಂಪುಟವನ್ನೂ ಮಾತ್ರೆಯ ಡಬ್ಬಿಯನ್ನೂ ಹೆಗಲ ಚೀಲಕ್ಕೆ ಬದಲಾಯಿಸಿದೆ. ಓಸ್ಲೋ, ಬೆಂ​ಗಳೂರು ಎರಡನ್ನೂ ಮೀನು ಸದ್ದಿಲ್ಲದೆ ದಾಟಿತು. ಮೈಸೂರಿನ ಸೆಖೆಗೆ ಬಾಯಿಬಿಟ್ಟಿತು.

ನರಸೀಪುರದ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ಸೋಮನಾಥಪುರದ ಕಡೆಯ ನಿವೃತ್ತ ಮೇಷ್ಟರು, ಅವರ ತಂದೆಯ ತಿಥಿ ವರ್ಷಾ ವರ್ಷಾ ನಾನೇ ಮಾಡಿಸುವುದು. ವಿದೇಶದ ಸುದ್ದಿ ಕೇಳಿದರು. ಹೇಳುತ್ತಿದ್ದ ಹಾಗೆ ಮೂಗು ಮುದುರಿದರು.

"ಏನೋ ವಾಸನೆ, ಶಾಸ್ತ್ರಿಗಳೇ."

ನನ್ನ ಕಾಲ ಕೆಳಗಿನ ಚೀಲವನ್ನು ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿದೆ. ಹಿಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ನಿದ್ದೆ ಹೋಗಿದ್ದಳು.

"ಹಿಂದಿನವರದ್ದಿರಬೇಕು" ಎಂದೆ.

ಮೇಷ್ಟರು ತಿರುಗಿ ಅವಳನ್ನು ನೋಡಿ, "ಇವರಿಗೆಲ್ಲ ಏನು ಹೇಳೋದು" ಎಂದು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ನರಸೀಪುರದಲ್ಲಿ ಇಳಿಯುವಾಗ ಆ ಚೀಲ ಸೀಟಿನ ಕೆಳಗೇ ಉಳಿಯಿತು. ಮರೆತೆ ಎಂದು ಬರೆದರೆ ನೀವು ನಂಬಬಹುದು. ಮರೆತಿರಲಿಲ್ಲ. ಟ್ರೋಮ್ಸೋದಲ್ಲಿ ಸವುಟು ಹಿಡಿದ ಕೈ ಇದೇ. ಆದರೆ ಅಲ್ಲಿ ಧೈರ್ಯ ಪುಕ್ಕಟೆ ಸಿಗುತ್ತಿತ್ತು.

ಜಗಲಿ

ಕೇತು ಎಲುಬಿನ ಗೂಡಾಗಿತ್ತು. ಸ್ನಾನವನ್ನು ನಿಲ್ಲಿಸಿದೆ, ಜಾನಕಿ ಬಟ್ಟೆಯ ತಂತಿಯನ್ನು ಮಹಡಿಗೆ ಕಟ್ಟಿಸಿಕೊಂಡು ಮೂರು ದಿನ ಮಾತು ಬಿಟ್ಟಳು. ಮೀನಿನ ಮಾತು ಎತ್ತಲು ಆಗಲಿಲ್ಲ. ಮಾತ್ರೆಯನ್ನು ಅರೆದು, ಅಜ್ಜಿ ಬೇಡವೆಂದ ಹಾಗೆಯೇ ಮೊಸರನ್ನದಲ್ಲಿ ಕಲಸಿ ಕೊಟ್ಟೆ. ಏನೂ ಪ್ರಯೋಜನವಾಗಲಿಲ್ಲ.

ನಾಲ್ಕನೇ ದಿನ ಕೊಟ್ಟಿಗೆಯ ಮರೆಯಲ್ಲಿ ಮಾದೇವಮ್ಮನನ್ನು ಕರೆದು, ತಗ್ಗಿದ ದನಿಯಲ್ಲಿ ಹೇಳಿದೆ. "ನೀನು ಹೇಳಿದ್ದೇ ಸರಿ. ಅದಕ್ಕೆ ಮಾಂಸ ಬೇಕಂತೆ. ಯಾರಿಗೂ ಗೊತ್ತಾಗದ ಹಾಗೆ, ಸಂಜೆ ಹೊತ್ತು ಹಿಂದಿನ ಗೋಡೆಯ ಕಡೆಯಿಂದ ಒಂದಿಷ್ಟು ತಂದು ಹಾಕು."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಕದ್ದು ಯಾಕಾಕ್ಲಿ ಸೋಮಿ? ನಾನೇನ್ ಕಳ್ಳೀನಾ? ತಿನ್ನೋ ಅನ್ನ ಅದು. ನಾಳೀಕೆ ಬತ್ತೀನಿ, ಮುಂದ್ಗಡೆ ಬಾಗ್ಲಲ್ಲೇ ಬತ್ತೀನಿ. ನೀವು ಕೊಡು ಅನ್ನಿ, ಆಕ್ತೀನಿ. ಅಷ್ಟೇಯ."

"ಆಯ್ತು" ಎಂದೆ. ಆಗ ಹಾಗೆಯೇ ಅಂದುಕೊಂಡಿದ್ದೆ. ಆಣೆ ಮಾಡಿ ಹೇಳುತ್ತೇನೆ.

ಮಾರನೆಯ ದಿನ ಹತ್ತು ಗಂಟೆಗೆ ಪುಟ್ಟರಾಜು ಬಂದ. ಜೊತೆಗೆ ಮೈಸೂರಿನ ದೊಡ್ಡ ಕುಟುಂಬ, ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಜಗಲಿ ತುಂಬ ಜನ. ಮುಹೂರ್ತ ಇಡಿಸಬೇಕಿತ್ತು. ಪಂಚಾಂಗ ಬಿಡಿಸಿದೆ. ಅಷ್ಟರಲ್ಲಿ ಮಾದೇವಮ್ಮ ಹೇಳಿದ ಮಾತಿನ ಹಾಗೆ ಮುಂಬಾಗಿಲಿನಿಂದಲೇ ಬಂದಳು. ತಲೆ ಬಾಚಿದ್ದಳು, ಒಗೆದ ಸೀರೆ ಉಟ್ಟಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ಬೆಂದ ಮಾಂಸದ ವಾಸನೆ ಜಗಲಿಯನ್ನು ಅವಳಿಗಿಂತ ಮೊದಲೇ ಹತ್ತಿತು. ಹಿತ್ತಲಲ್ಲಿ ಸರಪಳಿ ಕಣಕಣ ಎಂದಿತು. ತಿಂಗಳಿಂದ ಏಳದ ನಾಯಿ ಎದ್ದಿತ್ತು.

"ಸೋಮಿ, ತಂದಿವ್ನಿ" ಎಂದಳು.

ಎಲ್ಲರೂ ನನ್ನನ್ನೇ ನೋಡಿದರು. ಹೆಣ್ಣಿನ ತಾಯಿ ಸೆರಗು ಮೂಗಿಗೆ ಒತ್ತಿಕೊಂಡಳು. "ಯಾನ ಸೋಮಿ ಇದು?" ಎಂದ ಪುಟ್ಟರಾಜು. ಕೊಡು ಎಂಬ ಎರಡಕ್ಷರ ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಯಾರು ಹೇಳಿದ್ದು ನಿಂಗೆ ಇದನ್ನ ಇಲ್ಲಿಗೆ ತರೋಕೆ?" ಎಂದೆ. "ತಗೊಂಡು ಹೋಗು ಆಚೆಗೆ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅಲ್ಲಿಯೇ ನಿಂತು, ನೀವೇ ಹೇಳಿದ್ದಲ್ಲವೇ ಎಂದಿದ್ದರೆ ಇವತ್ತು ನನ್ನ ಭಾರ ಸ್ವಲ್ಪ ಇಳಿಯುತ್ತಿತ್ತು.

"ಯಾರೂ ಯೋಳ್ನಿಲ್ಲ ಸೋಮಿ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಾನೇ ತಪ್ಪು ತಿಳ್ಕಂಬುಟ್ಟೆ."

ಡಬ್ಬಿಯ ಮುಚ್ಚಳ ಒತ್ತಿಕೊಂಡು ಹೋದಳು. ಹಿತ್ತಲಲ್ಲಿ ಕೇತು ಸರಪಳಿ ಎಳೆಯುತ್ತಲೇ ಇತ್ತು, ಊಳಿಡದೆ, ಬೊಗಳದೆ. ನಾನು ಹುಡುಗಿಯ ನಕ್ಷತ್ರ ಕೇಳಿದೆ.

ಅವತ್ತಿನಿಂದ ಅವಳು ಕೆಲಸಕ್ಕೆ ಬರಲಿಲ್ಲ. ಹದಿನಾರನೇ ದಿನ ಬೆಳಿಗ್ಗೆ ಕೇತು ಸತ್ತಿತ್ತು. ಹೊಳೆದಂಡೆಯಲ್ಲಿ ಹೂಳಿಸಿ, ಸ್ನಾನ ಮಾಡಿ, ಮನೆಗೆ ಹೋಗಲಾರದೆ ಮಾದೇವಮ್ಮನ ಬೀದಿಗೆ ಹೋದೆ. ಇಪ್ಪತ್ತು ವರ್ಷ ನಮ್ಮ ಮನೆಗೆ ಬಂದವಳ ಮನೆಯನ್ನು ನಾನು ಕಂಡದ್ದು ಅದೇ ಮೊದಲು. ಗೋಡೆಯ ಮೇಲೆ ಬುದ್ಧನ ಪಟ, ಬಾಗಿಲಲ್ಲಿ ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾಯಿ ಹೋಯಿತು ಎಂದೆ.

ಅವಳು ಸುಲಿಯುವುದನ್ನು ನಿಲ್ಲಿಸಿದಳು. "ಕೊನೇಗಾರ ಬಾಡು ತಿಂತಾ ಸೋಮಿ?"

"ತಿಂತು" ಎಂದೆ.

"ಅಷ್ಟಾದ್ರೂ ಆಯ್ತಲ್ಲ, ಬುಡಿ."

ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಎದ್ದು ಒಳಗಿನಿಂದ ಕುರ್ಚಿ ತಂದಳು. ಸೆರಗಿನಿಂದ ಒರೆಸಿ ನನ್ನ ಮುಂದೆ ಹಾಕಿದಳು. ಬೀದಿಯ ಎದುರು ಮನೆಯವರು ನೋಡುತ್ತಿದ್ದರು. ನಾನು ಕೂರಲಿಲ್ಲ.